‘ಬಿಟ್ಟಿ’ಯ ಚರಿತ್ರೆ ಮತ್ತು ಬಡವರ ಮನೆಯ ಎರಡು ಸಾವಿರ

ಇತ್ತೀಚಿನ ವರ್ಷಗಳಲ್ಲಿ ನಮ್ಮ ನಾಡಿನ ಅನುಕೂಲಸ್ಥರ ನಾಲಗೆಯ ಮೇಲೆ ಅತಿ ಹೆಚ್ಚು ಹೊರಳಾಡಿದ ಪದವೆಂದರೆ ‘ಬಿಟ್ಟಿ’. ಬಿಟ್ಟಿ ಅಕ್ಕಿ, ಬಿಟ್ಟಿ ಬಸ್ಸು, ಬಿಟ್ಟಿ ಕರೆಂಟು, ಬಿಟ್ಟಿ ದುಡ್ಡು. ಹೀಗೆ ಮಾತಾಡುವವರಲ್ಲಿ ಎಷ್ಟು ಜನ ಈ ಪದದ ಹುಟ್ಟನ್ನು ಬಲ್ಲರೋ ಕಾಣೆವು. ಸಂಸ್ಕೃತದ ‘ವಿಷ್ಟಿ’ ಎಂಬುದರ ತದ್ಭವ ಅದು. ವಿಷ್ಟಿ ಎಂದರೆ ಕೂಲಿಯಿಲ್ಲದೆ ಮಾಡಿಸಿಕೊಳ್ಳುವ ದುಡಿಮೆ. ಅರಸನಿಗೆ, ಅಧಿಕಾರಿಗೆ, ಅಗ್ರಹಾರಕ್ಕೆ, ಊರ ಗೌಡನಿಗೆ ಬಡವನು ತನ್ನ ಮೈ ದಂಡಿಸಿ ಪುಕ್ಕಟೆಯಾಗಿ ಸಲ್ಲಿಸಬೇಕಾಗಿದ್ದ ಸೇವೆ. ಜನರ ಬಾಯಲ್ಲಿ ಇಂದಿಗೂ ಉಳಿದಿರುವ ‘ಬಿಟ್ಟಿ ಬೇಗಾರಿ’ ಎಂಬ ಜೋಡಿ ಮಾತಿನಲ್ಲಿ ಮೊದಲನೆಯದು ಸಂಸ್ಕೃತದಿಂದ ಬಂದದ್ದು, ಎರಡನೆಯದು ಪಾರ್ಸಿಯಿಂದ ಬಂದದ್ದು. ಆಳುವವರ ಭಾಷೆ ಬದಲಾಯಿತು. ದುಡಿಯುವವನ ಪಾಡು ಬದಲಾಗಲಿಲ್ಲ.

ಅಂದರೆ ನಮ್ಮ ಚರಿತ್ರೆಯಲ್ಲಿ ಬಿಟ್ಟಿ ಕೊಟ್ಟವರು ಬಡವರು, ಬಿಟ್ಟಿ ಪಡೆದವರು ಬಲ್ಲಿದರು. ಇಂದು ಅದೇ ಪದ ಬಡವರ ಮೇಲೆ ತಿರುಗಿ ಬಿದ್ದಿದೆ. ಒಂದು ಬಡ ಕುಟುಂಬದ ಕೈಗೆ ಸರ್ಕಾರ ನೇರವಾಗಿ ನಗದು ಕೊಟ್ಟರೆ ಆ ಮನೆಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವ ಮೊದಲು ಈ ತಿರುವುಮುರುವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳನ್ನು ಮುಂದಿಟ್ಟುಕೊಂಡು ನಾವು ಈ ಪ್ರಶ್ನೆಯನ್ನು ನೋಡಬಯಸುತ್ತೇವೆ. ಯಾಕೆಂದರೆ ಈ ಮೂರು ಊರುಗಳಲ್ಲಿ ಕಲ್ಲಿನ ಮೇಲೆ ಬರೆದ ದಾನದ ಲೆಕ್ಕವೂ ಇದೆ, ಪಾಸ್‌ಬುಕ್ಕಿನಲ್ಲಿ ಬರೆದ ಲೆಕ್ಕವೂ ಇದೆ.

ಕಲ್ಲಿನ ಲೆಕ್ಕ

ಬೇಲೂರಿನ ಚೆನ್ನಕೇಶವ ದೇವಾಲಯ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಯಾಯಿತು. ಹಳೇಬೀಡಿನ ಹೊಯ್ಸಳೇಶ್ವರ ಅದರ ಬೆನ್ನಿಗೇ ಎದ್ದಿತು. ಅರಸೀಕೆರೆಯ ಈಶ್ವರ ಗುಡಿ ಸುಮಾರು 1220ರದ್ದು. ಆ ಕಾಲದಲ್ಲಿ ನಗದು ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲಿ ಬರೆಸಿದ ಹೊಯ್ಸಳರ ಚಿನ್ನದ ನಾಣ್ಯಗಳು ಇಂದಿಗೂ ಸಿಗುತ್ತವೆ. ಗದ್ಯಾಣ, ಪಣ, ಹಾಗ, ವೀಸಗಳ ಲೆಕ್ಕ ಶಾಸನಗಳ ತುಂಬ ಇದೆ. ನಾವು ಇವತ್ತು ‘ಹಣ’ ಎನ್ನುವುದು ಆ ‘ಪಣ’ದ ಪಕಾರ ಹಕಾರವಾದ ರೂಪವೇ.

ಆದರೆ ಆ ಪಣ ಯಾರಿಗೆ ಹೋಗುತ್ತಿತ್ತು? ದೇವರ ನಂದಾದೀಪಕ್ಕೆ, ಅಂಗಭೋಗಕ್ಕೆ, ಸತ್ರದ ಅನ್ನಕ್ಕೆ, ಮಠದ ಖರ್ಚಿಗೆ. ದಾನಿಗಳು ಗುಡಿಗೆ ಚಿನ್ನವನ್ನು ಕೊಟ್ಟು, ಅದರ ಬಡ್ಡಿಯಿಂದ ದೀಪ ಉರಿಯಬೇಕೆಂದು ಬರೆಸುತ್ತಿದ್ದರು. ಬಡ್ಡಿ ಬರಬೇಕಾದರೆ ಯಾರಾದರೂ ಸಾಲ ತೆಗೆದುಕೊಂಡಿರಲೇಬೇಕು. ಶಾಸನದಲ್ಲಿ ದೀಪದ ಬೆಳಕು ಕಾಣುತ್ತದೆ; ಬಡ್ಡಿ ಕಟ್ಟಿದವನ ಮುಖ ಕಾಣುವುದಿಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಚಾವಣರಂಥವರ ಹೆಸರುಗಳಿವೆ. ಗಣಿಯಿಂದ ಕಲ್ಲು ಹೊತ್ತು ತಂದವರ ಹೆಸರಿಲ್ಲ.

ಆ ಕಾಲದಲ್ಲಿ ಸಾಮಾನ್ಯ ಕುಟುಂಬಕ್ಕೆ ನೆರವೇ ಇರಲಿಲ್ಲವೆಂದಲ್ಲ. ಊರಿನ ದನ ಬಿಡಿಸಲು, ಹೆಂಗಸರ ಮಾನ ಕಾಯಲು ಹೋರಾಡಿ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಅದಕ್ಕೆ ‘ನೆತ್ತರುಗೊಡಗೆ’ ಎಂದು ಹೆಸರು. ಕೆರೆ ಕಾಯುವವನಿಗೆ ‘ಕೆರೆಗೊಡಗೆ’. ಇವು ನಮ್ಮ ನಾಡಿನ ಅತಿ ಹಳೆಯ ಕುಟುಂಬ ಸಹಾಯಗಳು ಎನ್ನಬಹುದು. ಆದರೆ ಇವುಗಳ ಒಳಗೊಂದು ಷರತ್ತಿತ್ತು. ಸತ್ತರೆ ಕೊಡುಗೆ, ಸೇವೆ ಮಾಡಿದರೆ ಕೊಡುಗೆ. ಹಸಿದಿದ್ದಾನೆ ಎಂಬ ಒಂದೇ ಕಾರಣಕ್ಕೆ ಒಬ್ಬ ಒಕ್ಕಲಿಗೆ ಏನಾದರೂ ಸಲ್ಲಬೇಕು ಎಂಬ ವಿಚಾರ ಅರಸೊತ್ತಿಗೆಯ ಲೆಕ್ಕದಲ್ಲಿ ಇರಲಿಲ್ಲ. ಆ ವಿಚಾರವನ್ನು ಬೇರೆಯವರು ತಂದರು. ಶರಣರು ದಾಸೋಹವೆಂದರು, ಗಳಿಸಿದ್ದರಲ್ಲಿ ಇತರರ ಪಾಲಿದೆ ಎಂದರು. ಇಸ್ಲಾಮಿನ ಝಕಾತ್ ಕೂಡ ಉಳ್ಳವನ ಸಂಪತ್ತಿನಲ್ಲಿ ಇಲ್ಲದವನ ಹಕ್ಕನ್ನು ಗುರುತಿಸುತ್ತದೆ. ಝಕಾತ್ ಪಡೆಯಬಹುದಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಮುಳುಗಿದವನೂ ಒಬ್ಬ ಎಂಬುದು ನಮ್ಮ ಈ ಚರ್ಚೆಗೆ ತೀರ ಹತ್ತಿರದ ಮಾತು.

ಸಾಲವಾಗಿ ಬಂದ ಸಹಾಯ

ಆಡಳಿತವು ರೈತನ ಕೈಗೆ ನೇರವಾಗಿ ದುಡ್ಡು ಕೊಡುವ ಕ್ರಮ ನಮ್ಮಲ್ಲಿ ‘ತಕಾವಿ’ಯ ರೂಪದಲ್ಲಿ ಬೇರೂರಿತು. ಟಿಪ್ಪು ಸುಲ್ತಾನನ ಕಂದಾಯ ನಿಯಮಗಳಲ್ಲಿ ಬಡ ರೈತರಿಗೆ ನೇಗಿಲಿನ ಲೆಕ್ಕದಲ್ಲಿ ತಕಾವಿ ಕೊಟ್ಟು ಬೇಸಾಯಕ್ಕೆ ಹಚ್ಚಬೇಕೆಂಬ ಸೂಚನೆಯಿದೆ. ಬ್ರಿಟಿಷರ ಕಾಲದಲ್ಲಿಯೂ ತಕಾವಿ ಮುಂದುವರಿಯಿತು. ಪದದ ಮೂಲ ಅರಬ್ಬಿ. ಅರ್ಥ, ಬಲ ತುಂಬುವುದು. 2023ರ ಜೂನ್ 11ರಂದು ಕರ್ನಾಟಕದಲ್ಲಿ ಹೆಂಗಸರ ಉಚಿತ ಬಸ್ ಪ್ರಯಾಣಕ್ಕೆ ಇಟ್ಟ ‘ಶಕ್ತಿ’ ಎಂಬ ಹೆಸರೂ ಅದನ್ನೇ ಹೇಳುತ್ತದೆ. ಆದರೆ ತಕಾವಿ ಸಾಲ. ಮಳೆ ಬಂದರೆ ಅದು ಬಲ, ಮಳೆ ಕೈಕೊಟ್ಟರೆ ಅದೇ ಕೊರಳಿಗೆ ಕಲ್ಲು.

ಮಳೆ ಕೈಕೊಟ್ಟ ವರ್ಷಗಳಲ್ಲಿ ಹಳೆಯ ಮೈಸೂರಿನ ಜನ ಎಂದೂ ಮರೆಯದಿದ್ದುದು ಧಾತು-ಈಶ್ವರ ಸಂವತ್ಸರಗಳ ಬರ. ಅದು 1876ರಿಂದ 1878ರವರೆಗಿನ ಮಾತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಹುಟ್ಟುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಅಳಿದವರು ಎಷ್ಟೆಂಬುದನ್ನು ಓದುಗರೇ ಊಹಿಸಬಹುದು.

ಆಗಲೂ ನಡೆದ ದೊಡ್ಡ ಚರ್ಚೆ ಇದೇ: ಹಸಿದವನಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು, ಕೆಲಸ ಮಾಡಿಸಿಕೊಳ್ಳದೆ ಕೊಡಬಹುದೆ? 1877ರಲ್ಲಿ ವೈಸರಾಯ್ ಸರ್ಕಾರದ ಪರವಾಗಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಬರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಸಾಕೆಂದ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಮದರಾಸಿನ ವೈದ್ಯಾಧಿಕಾರಿ ಕಾರ್ನಿಷ್ ಇದು ಬದುಕಲು ಸಾಲದೆಂದು ಪಟ್ಟು ಹಿಡಿದು ವಿರೋಧಿಸಿದ. ‘ಜಾಸ್ತಿ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ’ ಎಂಬ ಇಂದಿನ ವಾದ ಆಗಲೇ ಇತ್ತು; ಎಲುಬಿನ ಹಂದರವಾಗಿ ಕಲ್ಲು ಒಡೆಯುತ್ತಿದ್ದವರ ಎದುರಿಗೇ ಅದನ್ನು ಆಡಲಾಗುತ್ತಿತ್ತು.

ಆ ಬರದಲ್ಲಿ ದೇಶದಲ್ಲೆಲ್ಲೂ ಧಾನ್ಯ ಇರಲಿಲ್ಲವೆ? ಇತ್ತು. ಭಾರತದಿಂದ ಹೊರದೇಶಗಳಿಗೆ ಗೋಧಿ ರಫ್ತಾಗುತ್ತಲೇ ಇತ್ತು. ಇಲ್ಲದಿದ್ದುದು ಕೂಲಿಯವನ ಕೈಯಲ್ಲಿ ದುಡ್ಡು. ಅಮರ್ತ್ಯ ಸೇನ್ 1981ರಲ್ಲಿ ಪ್ರಕಟಿಸಿದ ಬಡತನ ಮತ್ತು ಕ್ಷಾಮಗಳ ಕುರಿತ ಗ್ರಂಥದಲ್ಲಿ ವಿವರಿಸಿದ್ದು ಇದನ್ನೇ. ಆಹಾರ ಇಲ್ಲದಿರುವುದು ಬೇರೆ, ಆಹಾರ ಪಡೆಯುವ ಶಕ್ತಿ ಇಲ್ಲದಿರುವುದು ಬೇರೆ. ನಗದು ಸಹಾಯದ ತಾತ್ವಿಕ ತಳಹದಿ ಇಲ್ಲಿದೆ.

ಬರ ಮುಗಿದ ಮೇಲೆ ರೈಲು ಬಂತು. 1889ರ ಹೊತ್ತಿಗೆ ಬೆಂಗಳೂರಿನಿಂದ ಹರಿಹರದವರೆಗೆ ಹಳಿ ಬಿದ್ದು, ನಡುವಿನ ಅರಸೀಕೆರೆ ರೈಲಿನ ಊರಾಯಿತು. ಮುಂದೆ ಮೈಸೂರು-ಹಾಸನದ ಕಡೆಯ ಹಳಿಯೂ ಬಂದು ಸೇರಿ ಅದು ಜಂಕ್ಷನ್ನಾಯಿತು. ಕೊಬ್ಬರಿ ವ್ಯಾಪಾರ ಬೆಳೆಯಿತು. ಬೇಲೂರಿನ ಪಶ್ಚಿಮಕ್ಕೆ ಕಾಫಿ ತೋಟಗಳು ಹಬ್ಬಿದವು. ನಗದು ಹಳ್ಳಿಗೆ ಬಂತು, ಆದರೆ ಬಡವನ ಮನೆಗೆ ಅದು ಬಂದದ್ದು ‘ಮುಂಗಡ’ವಾಗಿ. ತೋಟಕ್ಕೆ ಆಳು ಕರೆತರುವ ಮೇಸ್ತ್ರಿಯ ಮುಂಗಡ, ಸಾಹುಕಾರನ ಕೈಗಡ, ಮದುವೆಗೋ ತಿಥಿಗೋ ತೆಗೆದ ಸಾಲಕ್ಕೆ ಮಗನನ್ನು ಜೀತಕ್ಕಿಡುವುದು. ಸಾಹುಕಾರನ ಹಿಡಿತ ಸಡಿಲಿಸಲೆಂದು ಮೈಸೂರು ಸರ್ಕಾರ 1905ರಲ್ಲಿ ಸಹಕಾರ ಸಂಘಗಳ ಕಾಯ್ದೆ ತಂದಿತು. ಜೀತ ಕಾನೂನಿನ ಪ್ರಕಾರ ಕೊನೆಗೊಳ್ಳಲು 1975-76ರವರೆಗೆ ಕಾಯಬೇಕಾಯಿತು. ದೇವರಾಜ ಅರಸರ ಸರ್ಕಾರ ಋಣಪರಿಹಾರ ಕಾಯ್ದೆ ತಂದದ್ದೂ 1976ರಲ್ಲೇ. ಗಮನಿಸಿ: ಐವತ್ತು ವರ್ಷಗಳ ಹಿಂದಿನವರೆಗೂ ನೂರೋ ಇನ್ನೂರೋ ರೂಪಾಯಿ ಹೊತ್ತಿಗೆ ಸಿಗದೆ ಒಂದು ಮಗು ವರ್ಷಗಟ್ಟಲೆ ಯಾರದೋ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿತ್ತು.

ಮನಿಯಾರ್ಡರಿನಿಂದ ಖಾತೆಗೆ

ಮರಳಿ ಕೊಡಬೇಕಿಲ್ಲದ ನಗದು ಹಳ್ಳಿಯ ಬಡವರಿಗೆ ಬರತೊಡಗಿದ್ದು ಪಿಂಚಣಿಗಳಿಂದ. 1960ರ ದಶಕದಲ್ಲಿ ವೃದ್ಧಾಪ್ಯ ವೇತನ, 1980ರ ದಶಕದಲ್ಲಿ ವಿಧವಾ ವೇತನ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರವೂ ವೃದ್ಧರಿಗೆ ತಿಂಗಳಿಗೆ 75 ರೂ.ಗಳ ಪಿಂಚಣಿ ಆರಂಭಿಸಿತು. 2007ರಲ್ಲಿ ರಾಜ್ಯದ ಸಂಧ್ಯಾ ಸುರಕ್ಷಾ 400 ರೂ.ಗಳಿಂದ ಶುರುವಾಗಿ ಇಂದು 1,200 ರೂ.ಗಳಿಗೆ ಬಂದಿದೆ. ಕೇಂದ್ರದ ಪಾಲು ಮಾತ್ರ 60ರಿಂದ 79 ವಯಸ್ಸಿನವರಿಗೆ ಹಲವು ವರ್ಷಗಳಿಂದ 200 ರೂ.ಗಳಲ್ಲೇ ನಿಂತಿದೆ. ಮೊದಲು ಅಂಚೆಯಣ್ಣ ಮನಿಯಾರ್ಡರು ತರುತ್ತಿದ್ದ. ಅವನ ಚಹಾ ಖರ್ಚಿಗೆಂದು ಅಜ್ಜಿ ಐದೋ ಹತ್ತೋ ಬಿಟ್ಟುಕೊಡುತ್ತಿದ್ದುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಒಂದು ರೂಪಾಯಿಯಲ್ಲಿ 15 ಪೈಸೆ ಮಾತ್ರ ಬಡವನಿಗೆ ಮುಟ್ಟುತ್ತದೆಂದು 1985ರಲ್ಲಿ ರಾಜೀವ್ ಗಾಂಧಿ ಹೇಳಿದ್ದರು. ಆ ಸೋರಿಕೆಗೆ ಮದ್ದೆಂದು 2013ರ ಜನವರಿ 1ರಿಂದ ಖಾತೆಗೆ ನೇರ ವರ್ಗಾವಣೆ ಆರಂಭವಾಯಿತು. 2014ರ ಜನಧನ್ ಯೋಜನೆಯಿಂದ ಖಾತೆಗಳು ಹೆಚ್ಚಿದವು. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಿರುವ ಪ್ರದೇಶಗಳನ್ನು ‘ನಕಾರಾತ್ಮಕ ವಲಯ’ವೆಂದು ಗುರುತಿಸಿರುವುದನ್ನು 2006ರ ಸಾಚಾರ್ ವರದಿ ಎತ್ತಿ ತೋರಿಸಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತದಿದ್ದ ಎಲ್ಲ ಬಡವರಿಗೂ ಖಾತೆ ಎಂಬುದು ಸಣ್ಣ ಬದಲಾವಣೆಯಲ್ಲ.

2019ರಲ್ಲಿ ಪಿಎಂ ಕಿಸಾನ್ ಬಂತು. ವರ್ಷಕ್ಕೆ 6,000 ರೂ., ಮೂರು ಕಂತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂ.; ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಹೆಂಗಸರಿಗೆ. ಅದಾದ ಮೂರು ವಾರಕ್ಕೆ, ಸೆಪ್ಟೆಂಬರಿನಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಎರಡನೆಯ ಸುದ್ದಿಗೆ ಎಲ್ಲರೂ ಹೆಮ್ಮೆಪಟ್ಟರು. ಮೊದಲನೆಯದಕ್ಕೆ ‘ಬಿಟ್ಟಿ ಭಾಗ್ಯ’ ಎಂಬ ಹೆಸರು ಬಿತ್ತು.

ಮೂರು ಮನೆಗಳ ಲೆಕ್ಕ

ಈಗ ಲೆಕ್ಕ ಹಾಕಿ ನೋಡೋಣ. ಅರಸೀಕೆರೆ ಸೀಮೆಯಲ್ಲಿ ಎರಡೆಕರೆ ಖುಷ್ಕಿ, ಒಂದಷ್ಟು ತೆಂಗಿನ ಮರಗಳಿರುವ ಐದು ಜನರ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಯಜಮಾನಿಗೆ ಗೃಹಲಕ್ಷ್ಮಿ ವರ್ಷಕ್ಕೆ 24,000, ಗಂಡನ ಹೆಸರಿನ ಪಹಣಿಗೆ ಪಿಎಂ ಕಿಸಾನ್ 6,000, ಮಾವನ ಪಿಂಚಣಿ 14,400. ಒಟ್ಟು 44,400. ತಲೆಗೆ ಹಂಚಿದರೆ ದಿನಕ್ಕೆ 25 ರೂಪಾಯಿಯೂ ಅಲ್ಲ. ಎಲ್ಲವೂ ತಪ್ಪದೆ ಬಂದರೆ ಇಷ್ಟು.

ಬೇಲೂರಿನ ಆಚೆ ತೋಟದ ಲೈನ್ ಮನೆಯಲ್ಲಿರುವ ಕುಟುಂಬಕ್ಕೆ ಭೂಮಿಯಿಲ್ಲ. ಆದ್ದರಿಂದ ಪಿಎಂ ಕಿಸಾನ್ ಇಲ್ಲ. ಇನ್ನೊಬ್ಬರ ಹೊಲವನ್ನು ವಾರಕ್ಕೋ ಗುತ್ತಿಗೆಗೋ ಮಾಡಿ ಆಲೂಗೆಡ್ಡೆ ಹಾಕಿ, ಅಂಗಮಾರಿ ಬಿದ್ದು ಕೈಸುಟ್ಟುಕೊಂಡವನಿಗೂ ಇಲ್ಲ. ಬೇಸಾಯ ಮಾಡುವವನಿಗಲ್ಲ, ಪಹಣಿಯಲ್ಲಿ ಹೆಸರಿರುವವನಿಗೆ ಎಂಬುದು ಅದರ ಒಳಮರ್ಮ. ಆ ಮನೆಗೆ ಬರುವುದು ಯಜಮಾನಿಯ 2,000 ಮಾತ್ರ. 2024-25ರ ಉದ್ಯೋಗ ಖಾತರಿ ಕೂಲಿ 349 ರೂ. ಲೆಕ್ಕದಲ್ಲಿ ಇದು ಆರು ದಿನದ ದುಡಿಮೆಗೂ ಕಡಿಮೆ. ಆರು ದಿನದ ಕೂಲಿಗೆ ಮಿಕ್ಕ ಇಪ್ಪತ್ತನಾಲ್ಕು ದಿನ ಯಾರು ಸೋಮಾರಿಯಾಗಿ ಕೂರಬಲ್ಲರು?

ಹಳೇಬೀಡಿನಲ್ಲಿ ಗುಡಿಯ ಸುತ್ತ ತಳ್ಳುಗಾಡಿ, ಎಳನೀರು, ಆಟಿಕೆ ಮಾರಿ ಬದುಕುವವರದು ಮತ್ತೊಂದು ಬಗೆ. 2020ರ ಮಾರ್ಚಿಯಲ್ಲಿ ಕೊರೊನಾದಿಂದ ಸ್ಮಾರಕಗಳ ಬಾಗಿಲು ಮುಚ್ಚಿದಾಗ ಇಂಥವರ ಗಳಿಕೆ ಒಂದೇ ದಿನದಲ್ಲಿ ನಿಂತಿತು. ಆಗ ಜನಧನ್ ಖಾತೆಯ ಹೆಂಗಸರಿಗೆ ಕೇಂದ್ರ ಕೊಟ್ಟದ್ದು ಮೂರು ತಿಂಗಳು, ತಿಂಗಳಿಗೆ 500 ರೂಪಾಯಿ.

ಇಷ್ಟು ಸಣ್ಣ ಮೊತ್ತದಿಂದ ಏನಾಗುತ್ತದೆ? ಬಡತನ ಹೋಗುವುದಿಲ್ಲ. ಆದರೆ ಮನೆಯೊಳಗಿನ ಕೆಲವು ಗಂಟುಗಳು ಸಡಿಲಗೊಳ್ಳುತ್ತವೆ. ಬಡವರ ಮನೆಯ ಕಷ್ಟ ದುಡ್ಡು ಕಡಿಮೆ ಎಂಬುದಷ್ಟೇ ಅಲ್ಲ, ಬೇಕಾದ ದಿನ ಇಲ್ಲ ಎಂಬುದು. ಮಗುವಿಗೆ ಜ್ವರ ಬಂದ ದಿನ, ಶಾಲೆಯ ಪುಸ್ತಕ ಕೊಳ್ಳುವ ದಿನ, ಬಿತ್ತನೆಗೆ ಹದ ಬಂದ ದಿನ. ಆ ದಿನ ಕೈಯಲ್ಲಿ ಎರಡು ಸಾವಿರವಿದ್ದರೆ ಐದು ರೂಪಾಯಿ ಬಡ್ಡಿಯ ಕೈಗಡ ತಪ್ಪುತ್ತದೆ. ಮೇಕೆಯನ್ನೋ ಕಿವಿಯ ಓಲೆಯನ್ನೋ ಅರ್ಧ ಬೆಲೆಗೆ ಮಾರುವುದು ತಪ್ಪುತ್ತದೆ. ಮೇಸ್ತ್ರಿಯ ಮುಂಗಡ ಬೇಡವೆನ್ನುವ ಧೈರ್ಯ ಬರುತ್ತದೆ. ಕೂಲಿಗೆ ‘ಇಷ್ಟಾದರೆ ಬರುತ್ತೇನೆ’ ಎನ್ನುವ ಬಾಯಿ ಬರುತ್ತದೆ. ‘ಆಳು ಸಿಗುತ್ತಿಲ್ಲ’ ಎಂಬ ತೋಟದವರ ದೂರಿನ ಒಂದು ಮಗ್ಗುಲು ಇದೂ ಇರಬಹುದು. ಬಿಟ್ಟಿಯ ಚರಿತ್ರೆ ಬಲ್ಲವರು ಆ ದೂರನ್ನು ಕೇಳಿ ಗಾಬರಿಯಾಗಬೇಕಿಲ್ಲ.

ಇದು ಬರಿಯ ಊಹೆಯಲ್ಲ. 2011ರಿಂದ 2013ರವರೆಗೆ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ ‘ಸೇವಾ’ ಸಂಘಟನೆ ಯುನಿಸೆಫ್ ನೆರವಿನಿಂದ ಒಂದು ಪ್ರಯೋಗ ನಡೆಸಿತು. ಸುಮಾರು 6,000 ಜನರಿಗೆ ಯಾವ ಷರತ್ತೂ ಇಲ್ಲದೆ ತಿಂಗಳಿಗೆ ವಯಸ್ಕರಿಗೆ 200, ಮಕ್ಕಳಿಗೆ 100 ರೂ., ಮುಂದೆ 300 ಮತ್ತು 150. ಮಕ್ಕಳ ಪೋಷಣೆ ಸುಧಾರಿಸಿತು, ಹೆಣ್ಣುಮಕ್ಕಳ ಶಾಲೆಯ ಹಾಜರಿ ಏರಿತು, ಜನ ಕುರಿ-ಮೇಕೆ ಕೊಂಡರು. ಕೆಲಸ ಬಿಡಲಿಲ್ಲ; ಕೂಲಿ ಬಿಟ್ಟು ಸ್ವಂತ ಹೊಲದ ಕೆಲಸಕ್ಕೆ ತಿರುಗಿದವರಿದ್ದರು. ಕುಡಿತ ಹೆಚ್ಚಲಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಕಂಡುಕೊಂಡದ್ದೂ ಇದನ್ನೇ: ಬಡವರಿಗೆ ನಗದು ಕೊಟ್ಟರೆ ಕುಡಿತ, ತಂಬಾಕಿನ ಖರ್ಚು ಏರುವುದಿಲ್ಲ.

ಯಾರ ಕೈಗೆ? ಯಾವ ರೂಪದಲ್ಲಿ?

2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ ಎಂದಿತು. ಹತ್ತು ವರ್ಷ ಅದೊಂದು ಕಾಗದದ ಮಾತಾಗಿತ್ತು. ಗೃಹಲಕ್ಷ್ಮಿ ಬಂದ ಮೇಲೆ ಆ ಕಾಗದಕ್ಕೆ ಜೀವ ಬಂತು. ದುಡ್ಡು ಅತ್ತೆಗೋ ಸೊಸೆಗೋ ಎಂಬ ವಾಗ್ವಾದ 2023ರ ಜೂನಿನಲ್ಲಿ ಮನೆಮನೆಯಲ್ಲೂ ನಡೆಯಿತು. ಅದನ್ನು ನಗೆಚಾಟಿಕೆ ಮಾಡಿದವರೂ ಉಂಟು. ನಮಗೆ ಕಾಣುವುದು ಬೇರೆ. ಶತಮಾನಗಳಿಂದ ‘ನಿನ್ನದೇನಿದೆ ಈ ಮನೆಯಲ್ಲಿ?’ ಎಂದು ಕೇಳಿಸಿಕೊಂಡ ಹೆಂಗಸಿನ ಹೆಸರಿಗೆ ಮೊದಲ ಸಲ ಒಂದು ಖಚಿತ ಆದಾಯ ಬಂತು. ಜಗಳ ಹುಟ್ಟಿದ್ದು ಹಾಗಾಗಿಯೇ.

ರೂಪದ ಪ್ರಶ್ನೆಗೂ ನಮ್ಮಲ್ಲೇ ಒಂದು ಪಾಠ ನಡೆದಿದೆ. 2023ರಲ್ಲಿ ಹೆಚ್ಚುವರಿ ಐದು ಕೆ.ಜಿ. ಅಕ್ಕಿ ಕೇಂದ್ರದಿಂದ ಸಿಗದೆ ಹೋದಾಗ ರಾಜ್ಯ ಸರ್ಕಾರ ಕೆ.ಜಿ.ಗೆ 34 ರೂ.ನಂತೆ ತಲೆಗೆ 170 ರೂ. ಖಾತೆಗೆ ಹಾಕಿತು. ಆ ಬೆಲೆಗೆ ಕಿರಾಣಿ ಅಂಗಡಿಯಲ್ಲಿ ತಿನ್ನುವಂಥ ಅಕ್ಕಿ ಸಿಗುತ್ತಿರಲಿಲ್ಲ. ಬೆಲೆ ಏರಿದಂತೆ ಅಕ್ಕಿಯ ತೂಕ ಇಳಿಯದು, ನಗದಿನ ತೂಕ ಇಳಿಯುತ್ತದೆ. 2025ರ ಫೆಬ್ರವರಿಯಿಂದ ನಗದಿನ ಬದಲು ಅಕ್ಕಿಯೇ ಮರಳಿತು. ಆದ್ದರಿಂದ ಪಡಿತರ ಅಂಗಡಿ, ಸರ್ಕಾರಿ ಶಾಲೆ, ಸರ್ಕಾರಿ ಆಸ್ಪತ್ರೆಗಳ ಜಾಗದಲ್ಲಿ ನಗದು ಕೂರುವಂತಿಲ್ಲ. ಅವುಗಳ ಜೊತೆಗೆ ನಿಂತಾಗಲೇ ಅದಕ್ಕೆ ಬೆಲೆ.

ಮಿತಿಗಳನ್ನೂ ಹೇಳಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂ. ಇದ್ದಾಗ ಮಾರುಕಟ್ಟೆಯ ಬೆಲೆ ಸಾವಿರಾರು ರೂಪಾಯಿ ಕೆಳಗಿತ್ತು. ಕೆಲವು ಕ್ವಿಂಟಲ್ ಕೊಬ್ಬರಿ ಮಾರಿದವನ ಮನೆಗೆ ಗೃಹಲಕ್ಷ್ಮಿ ತಂದದ್ದನ್ನು ಮಾರುಕಟ್ಟೆ ಹೊತ್ತೊಯ್ಯಿತು. 2024-25ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಗೃಹಲಕ್ಷ್ಮಿಗೆ ತೆಗೆದಿಟ್ಟದ್ದು 28,608 ಕೋಟಿ. ಅದೇ ವರ್ಷ ಅಬಕಾರಿಯಿಂದ ನಿರೀಕ್ಷಿಸಿದ್ದು 38,525 ಕೋಟಿ. ಹೆಂಡತಿಯ ಖಾತೆಗೆ ಹಾಕಿದ್ದನ್ನು ಗಂಡನ ಬಾಟಲಿಯಿಂದ ಹಿಂಪಡೆಯುವ ಸರ್ಕಾರ ತನ್ನ ಒಳ್ಳೆಯ ಕೆಲಸವನ್ನು ತಾನೇ ಅರ್ಧ ಅಳಿಸಿದಂತೆ. ವಾರದ ಕಂತಿನ ಮೈಕ್ರೋಫೈನಾನ್ಸ್ ಸಾಲಗಳ ಕಿರುಕುಳ ಎಷ್ಟಿತ್ತೆಂದರೆ 2025ರ ಫೆಬ್ರವರಿಯಲ್ಲಿ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಜೊತೆಗೆ ಕಂತುಗಳ ವಿಳಂಬ: 2025ರ ಫೆಬ್ರವರಿ, ಮಾರ್ಚ್ ತಿಂಗಳ ಗೃಹಲಕ್ಷ್ಮಿ ಹಣ ಬಾರದಿರುವುದು ಆ ವರ್ಷದ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಗದ್ದಲಕ್ಕೆ ಕಾರಣವಾಯಿತು. ದಿನಾಂಕ ತಪ್ಪಿದ ನಗದು ತನ್ನ ಅರ್ಧ ಗುಣವನ್ನು ಕಳೆದುಕೊಳ್ಳುತ್ತದೆ. ಬರುತ್ತದೆಂದು ನಂಬಿ ಸಾಲ ಮಾಡಿದವಳಿಗೆ ಅದು ಹೊಸ ಸಾಲವೇ ಆಗುತ್ತದೆ.

2022ರಲ್ಲಿ ಪ್ರಧಾನಿಯವರು ಇಂಥ ಯೋಜನೆಗಳನ್ನು ‘ರೇವ್ಡಿ’ ಎಂದು ಕರೆದರು. ಮರುವರ್ಷ ಅವರದೇ ಪಕ್ಷದ ಸರ್ಕಾರ ಮಧ್ಯಪ್ರದೇಶದಲ್ಲಿ ಹೆಂಗಸರಿಗೆ ತಿಂಗಳಿಗೆ 1,000 ರೂ. ಕೊಡತೊಡಗಿತು. ತಮಿಳುನಾಡು 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ಯೋಜನೆಯ ಹೆಸರಿನಲ್ಲೇ ‘ಉರಿಮೈ’ ಎಂಬ ಪದವನ್ನು ಸೇರಿಸಿತು. ಅದರ ಅರ್ಥ ಹಕ್ಕು. ಹೆಸರಿನಲ್ಲಿ ಏನಿದೆ ಎನ್ನಬೇಡಿ. ಭಾಗ್ಯ ಎಂದರೆ ಕೊಟ್ಟವನಿಗೆ ಕೈಮುಗಿಯಬೇಕು. ಚುನಾವಣೆಯ ಮರುದಿನ ಅದು ನಿಲ್ಲಲೂಬಹುದು. ಹಕ್ಕು ಎಂದರೆ ತಪ್ಪಿದ ಕಂತನ್ನು ಕೇಳಬಹುದು.

ಹೊಯ್ಸಳರ ಗುಡಿಗಳ ತಳಪಾಯದಲ್ಲಿ, ಕೆರೆಗಳ ಏರಿಯಲ್ಲಿ, ರೈಲಿನ ಹಳಿಯ ಕೆಳಗೆ, ತೋಟಗಳ ಇಳಿಜಾರಿನಲ್ಲಿ ಲೆಕ್ಕವಿಡದ ಬಿಟ್ಟಿ ದುಡಿಮೆಯಿದೆ. ಆ ದುಡಿಮೆಗೆ ಶಾಸನವಿಲ್ಲ, ರಸೀದಿಯಿಲ್ಲ. ಅದರ ಮೊಮ್ಮಕ್ಕಳ ಮನೆಗೆ ತಿಂಗಳಿಗೆ ಎರಡು ಸಾವಿರ ಬರುವಾಗ ‘ಬಿಟ್ಟಿ’ ಎನ್ನುವ ಮೊದಲು, ಸಾಲ ಯಾರದು, ತೀರಿಸುತ್ತಿರುವವರು ಯಾರು ಎಂದು ನಾವು ಕೇಳಿಕೊಳ್ಳೋಣ.